ಮುಂಜಾನಿತನಕ ಕೈ ಮ್ಯಾಲ

ದವಾಖಾನ್ಯಾಗ ನೋಡಿ, "ಇವತ್ತು ಮನಿಗೆ ಹೋಗ್ರಿ, ನಾಳಿ ಮುಂಜಾನಿ ಬರ್ರಿ, ಕೊಯ್ತೀವಿ" ಅಂತ ಹೇಳಿ ಕಳಿಸಿರ್ತಾರಲ್ಲ, ಅಂಥವರ ಸಲುವಾಗಿ ಇದನ್ನ ಹೇಳಾಕತ್ತೀನಿ. ಕೊಯ್ಯೋದು ದೊಡ್ಡ ಮಾತಲ್ಲ. ಅದು ಡಾಕ್ಟರ ಕೆಲಸ, ನಾವು ಸುಮ್ಮನ ಮಲಗಿರ್ತೀವಿ. ಕೊಯ್ಯೋತನಕ ಮನ್ಯಾಗ ಕುಂತಿರೋದು ಐತಲ್ಲ, ಅದು ನಮ್ಮ ಕೆಲಸ, ಮತ್ತ ಅದು ಬಾಳ ಕಠಿಣ ಕೆಲಸ. ನಾನು ಅದನ್ನ ಮಾಡೀನಿ. ಬಲಗೈ ಎತ್ತಿ ಹಿಡಕೊಂಡು ಕುಂತೀನಿ, ಸಾಲ್ಯಾಗ ಉತ್ತರ ಗೊತ್ತಿದ್ದ ಹುಡುಗಿ ಕೈ ಎತ್ತಿದಂಗ. ಉತ್ತರ ಮಾತ್ರ ನಂಗ ಗೊತ್ತಿದ್ದಿಲ್ಲ.

ನನ್ನ ಹೆಸರು ನೀಲಮ್ಮ. ಹುಟ್ಟಿದ್ದು ಸಿರುಗುಪ್ಪ, ಕೊಟ್ಟಿದ್ದು ಕುರುಗೋಡಿಗೆ. ಆವಾಗ ದೊಡ್ಡ ಲಡಾಯಿ ನಡೆದಿತ್ತು. ನಮ್ಮವರು ಬಟ್ಟಿ ಹೊಲಿಯೋರು. ಮಿಲಿಟರಿಗೆ ದರ್ಜಿಗಳು ಬೇಕಾಗ್ಯಾರಂತ ಅಂತ ಯಾರೋ ಹೇಳಿದ್ರು, ಹೊಂಟೇ ನಿಂತ್ರು. "ಬಂದೂಕು ಅಲ್ಲಲೇ ನೀಲಿ, ಸೂಜಿ ಹಿಡಿಯಾಕ ಹೊಂಟೀನಿ, ಯಾಕ ಅಳ್ತಿ?" ಅಂದ್ರು. ಸೂಜಿ ಹಿಡಿಯೋರನ್ನೂ ಬರ್ಮಾದ ಕಡಿಗೆ ಕಳಿಸ್ತಾರಂತ ನಮಗೇನು ಗೊತ್ತು? ಮೊದಮೊದಲು ಕಾಗದ ಬರ್ತಿದ್ವು. ಆಮ್ಯಾಲ ನಿಂತ್ವು.

ಮನ್ಯಾಗ ಉಳಿದಿದ್ದು ನಾನು, ನಮ್ಮ ಅತ್ತಿ ಬಸಮ್ಮ, ಮತ್ತ ನಮ್ಮವರ ಹೊಲಿಯೋ ಮಷೀನು. ಅದರ ಮುಂದ ಕುಂತು ನಾನ ಕಲ್ತೆ. ಮೊದಲನೇ ಸಲ ಹೊಲಿದ ಕುಬಸಕ್ಕ ಒಂದು ತೋಳು ಉದ್ದ, ಒಂದು ಗಿಡ್ಡ ಆಗಿತ್ತು. ನಮ್ಮ ಅತ್ತಿ ಅದನ್ನ ಹಾಕ್ಕೊಂಡು ಊರೆಲ್ಲ ತಿರುಗಿ ಬಂದ್ಲು. ನಕ್ಕವರಿಗೆಲ್ಲ ಬೈದು ಬಂದ್ಲು. ಒಂದು ವರ್ಷ ಆಗೋದ್ರಾಗ ಕುರುಗೋಡಿನ ಹೆಣ್ಮಕ್ಕಳು ಕುಬಸ ಅಂದ್ರ ನಮ್ಮ ಮನಿಗೇ ಬರ್ತಿದ್ರು. ನಮ್ಮಿಬ್ಬರ ಹೊಟ್ಟಿ ತುಂಬ್ತಿದ್ದದ್ದು ಈ ಬಲಗೈಲಿಂದ.

ನಮ್ಮ ಅತ್ತಿ ಅಂಥಾಕಿ ಇಂಥಾಕಿ ಅಲ್ಲ. ಸಣ್ಣ ವಯಸ್ಸಿನಾಗ ಗಂಡನ್ನ ಕಳಕೊಂಡಾಕಿ. ಬಾಯಾಗ ಯಾವಾಗ್ಲೂ ಎಲಿ ಅಡಕಿ, ಸೊಂಟದಾಗ ಸಂಚಿ, ಸಂಚ್ಯಾಗ ಕಬ್ಬಿಣದ ಅಡಕೊತ್ತು. ಮುಂಜಾನಿ ಎದ್ದ ಕೂಡ್ಲೆ ಕಟಕ್ ಅಂತ ಒಂದು ಅಡಕಿ ಕತ್ತರಿಸಿದ್ರನ ಆಕಿಗೆ ಹಗಲು ಹುಟ್ಟತಿತ್ತು. ಸಿಟ್ಟು ಬಂದ್ರ ಕಟಕ್, ಖುಷಿ ಆದ್ರ ಕಟಕ್, ಮಗನ ಸುದ್ದಿ ಬರ್ಲಿಲ್ಲ ಅಂದ್ರ ಕಟಕ್ ಕಟಕ್ ಕಟಕ್. ಮಷೀನಿನ ಸಪ್ಪಳ ನಂದು, ಅಡಕೊತ್ತಿನ ಸಪ್ಪಳ ಆಕಿದು. ಅದಿಲ್ಲದ ಮನಿ ಮನೀನ ಅಲ್ಲ ಅನ್ನಿಸ್ತಿತ್ತು.

ಬಳಿಗಾರ ಬಂದಾಗೆಲ್ಲ ಆಕಿದು ಒಂದ ಹಟ. "ಬಿಗಿ ಇಡಪ್ಪ, ಬಿಗಿ ಇಡು. ಸಡಿಲ ಇದ್ರ ಗೋಡಿಗೆ ಬಡಿತಾವ, ಮಷೀನಿಗೆ ಬಡಿತಾವ. ನಮ್ಮ ಹುಡುಗ ಬರೋತನಕ ಈ ಹುಡುಗಿ ಕೈಯಾಗಿನವು ಒಂದೂ ಹೆಚ್ಚಾಗಬಾರದು." ಬಳಿ ಒಡೀತು ಅಂತ ನಮ್ಮ ಕಡೆ ಬಾಯಿಬಿಟ್ಟು ಅನ್ನಂಗಿಲ್ಲ, ಹೆಚ್ಚಾತು ಅಂತೀವಿ. ಬಳಿಗಾರ ನನ್ನ ಕೈ ಹಿಟ್ಟು ನಾದಿದಂಗ ನಾದಿ, ಹಸಿರು ಗಾಜಿನ ಬಳಿ ಎರಡೂ ಕೈಗೆ ತುಂಬ ಏರಿಸಿ ಹೋಗ್ತಿದ್ದ. ನನ್ನ ಕಣ್ಣಾಗ ನೀರು ಬರೋವು, ಆಕಿ ಮುಖದಾಗ ಸಮಾಧಾನ ಬರೋದು.

ಇಂಥಾದ್ರಾಗ ಒಂದಿನ ಒಲಿಗೆ ಜಾಲಿ ಕಟ್ಟಿಗಿ ಮುರೀಬೇಕಾದ್ರ ಅಂಗೈಯಾಗ ಮುಳ್ಳು ಮುರೀತು. ಬಲಗೈ, ನಡುಬೆರಳಿನ ಬುಡದಾಗ. ದರ್ಜಿ ಹೆಂಡ್ತಿ ನಾನು, ಕೈಯಾಗ ಸೂಜಿ ಇರೋವಾಗ ಇನ್ನೊಬ್ಬರನ್ನ ಯಾಕ ಕೇಳ್ಲಿ? ಕುಬಸ ಹೊಲಿಯೋ ಸೂಜೀಲೆ ಕೆದರಿ ತೆಗೆದೆ. ಅರ್ಧ ಬಂತು, ಅರ್ಧ ಒಳಗ ಉಳೀತು. ಸುಣ್ಣ ಬೆಲ್ಲ ಮೆತ್ತಿ ಮತ್ತ ಮಷೀನಿಗೆ ಕುಂತೆ. ಆಮ್ಯಾಲ ಅಂಗೈ ಬಾತುಕೊಂತು. ಬೆರಳು ಮಡಚಾಕ ಬರ್ಲಿಲ್ಲ. ಒಂದು ಮುಂಜಾನಿ ಎದ್ದು ನೋಡ್ತೀನಿ, ಮುಂಗೈಲಿಂದ ಮೊಣಕೈ ಕಡಿಗೆ ಒಂದು ಕೆಂಪು ಗೆರಿ ಏರ್ಯಾದ. ಅದನ್ನ ನೋಡಿ ನಮ್ಮ ಅತ್ತಿ ಬಾಯಾಗಿನ ಎಲಿ ಉಗುಳಿ, "ನಡಿ ಬಳ್ಳಾರಿಗೆ" ಅಂದ್ಲು.

ನಡಿ ಅಂದಾಕಿ ಸುಮ್ಮನ ನಡಸ್ತಾಳೇನು? ಹಸಿದ ಹೊಟ್ಟೀಲೆ ಸೊಸಿ ಹೊಸ್ತಿಲ ದಾಟಬಾರದು. ಜ್ವರದ ಬಾಯಿಗೆ ರೊಟ್ಟಿ ಮೊಸರು ಕಲಿಸಿ ಕಲಿಸಿ ತಾನ ತಿನಿಸಿದ್ಲು. "ಬ್ಯಾಡ್ರಿ ಅತ್ತಿ, ಬಾಯಿಗೆ ಸೇರವಲ್ದು" ಅಂದ್ರ, "ದವಾಖಾನಿಗೆ ಹೋಗಾಕ ಗಟ್ಟಿ ಇರಬೇಕು, ನುಂಗು" ಅಂದ್ಲು. ನುಂಗಿದೆ. ಆ ನಾಲ್ಕು ತುತ್ತು ನಮಗ ಏನು ತಂದಿಟ್ವು ಅಂತ ಆಮ್ಯಾಲ ಹೇಳ್ತೀನಿ.

ಲಡಾಯಿ ಕಾಲದಾಗ ಪೆಟ್ರೋಲು ಸಿಗ್ತಿದ್ದಿಲ್ಲ, ಬಸ್ಸು ಇದ್ದಲಿ ಹೊಗೀಲೆ ಓಡ್ತಿದ್ವು. ಡ್ರೈವರ ದಾರ್ಯಾಗ ಇಳಿದು ಇದ್ದಲಿ ಕೆದರೋದು, ಮತ್ತ ಏರೋದು. ಏರು ಬಂದಲ್ಲಿ ಗಂಡಸರೆಲ್ಲ ಇಳಿದು ದಬ್ಬಿದ್ರು. ಪ್ರತಿ ಕುಲುಕಿಗೂ ನನ್ನ ಕೈಯಾಗ ಬೆಂಕಿ ಹಚ್ಚಿದಂಗ ಆಗ್ತಿತ್ತು. ನಮ್ಮ ಅತ್ತಿ ನನ್ನ ಮೊಣಕೈನ ತನ್ನ ತೊಡಿಮ್ಯಾಲ ಇಟ್ಟುಕೊಂಡು ಡ್ರೈವರಗ ಬೈಕೋಂತ ಬಂದ್ಲು.

ದೊಡ್ಡ ದವಾಖಾನಿ ಪಡಸಾಲ್ಯಾಗ ಜನ ಅಂದ್ರ ಜನ. ಒಬ್ಬಾಕಿ ಕೂಸಿಗೆ ಹಾಲು ಕುಡಿಸಾಕತ್ತಿದ್ಲು, ಒಬ್ಬ ಮುದುಕ ಕೆಮ್ಮಿ ಕೆಮ್ಮಿ ಗೋಡಿಗೆ ಒರಗಿದ್ದ. ನನ್ನ ಕೈ ನೋಡಿದಾಕಿ ಒಬ್ಬಾಕಿ ಸರಕೊಂಡು ಜಾಗ ಕೊಟ್ಲು. ಹೆಸರು ಕೇಳ್ಲಿಲ್ಲ, ಊರು ಕೇಳ್ಲಿಲ್ಲ, ತನ್ನ ಗಂಟನ್ನ ನನ್ನ ಮೊಣಕೈ ಕೆಳಗ ಇಟ್ಟು, "ಕೈ ಕೆಳಗ ಬಿಡಬ್ಯಾಡವ್ವ" ಅಂದ್ಲು. ಆ ಗಂಟು ಎಷ್ಟು ಮೆತ್ತಗಿತ್ತು ಅಂತ ಇವತ್ತಿಗೂ ನನ್ನ ಮೊಣಕೈಗೆ ನೆನಪೈತಿ.

ಡಾಕ್ಟ್ರು ಕೈ ತಿರುವಿ ನೋಡಿದ್ರು. ಮುಖ ಗಂಟಾತು. ಮೊದಲು ಕೇಳಿದ್ದು, "ಇವತ್ತು ಏನಾರ ತಿಂದೀಯೇನವ್ವ?"

ನಾನು ಬಾಯಿ ತೆಗೆಯೋದ್ರಾಗ ನಮ್ಮ ಅತ್ತಿ, "ಹೊಟ್ಟಿತುಂಬ ತಿನಿಸೀನ್ರಿ! ರೊಟ್ಟಿ, ಮೊಸರು. ಉಪವಾಸ ಕರಕೊಂಡು ಬರಾಕ ನಾವೇನು ಅಂಥ ಮಂದಿ ಅಲ್ರಿ" ಅಂದ್ಲು.

ಡಾಕ್ಟ್ರು ಉಸಿರು ಬಿಟ್ರು. ಹೊಟ್ಟ್ಯಾಗ ಅನ್ನ ಇದ್ರ ಔಷಧ ಮೂಸಿಸಿ ಮಲಗಸಾಕ ಬರಂಗಿಲ್ಲ, ಅರ್ಧಕ್ಕ ವಾಂತಿಯಾದ್ರ ಉಸಿರ ನಿಲ್ತೈತಿ ಅಂದ್ರು. ಕೊಯ್ಯೋ ದೊಡ್ಡ ಡಾಕ್ಟ್ರು ಮಧ್ಯಾಹ್ನಕ್ಕ ಹೊಸಪೇಟಿಗೆ ಹೋಗೋರಿದ್ರು. ಒಳಗ ಖಾಲಿ ಮಂಚ ಒಂದೂ ಇದ್ದಿಲ್ಲ, ನೆಲದಮ್ಯಾಲೂ ಮಂದಿ. "ನಾಳಿ ಮುಂಜಾನಿ ಎಲ್ಲಾರಕಿಂತ ಮೊದಲು ನಿಂದ. ಅದಕ್ಕಿಂತ ತಡ ಆದ್ರ ಬೆರಳು ಉಳಿತಾವ ಅಂತ ನಾನು ಹೇಳಂಗಿಲ್ಲ. ಕೈ ಉಳಿತೈತಿ ಅಂತನೂ ಹೇಳಂಗಿಲ್ಲ" ಅಂದ್ರು.

ನಮ್ಮ ಅತ್ತಿ ಮುಖ ನೋಡಬಾರದಿತ್ತು. ತಾನು ತಿನಿಸಿದ ತುತ್ತು ತನ್ನ ಗಂಟಲದಾಗ ಸಿಕ್ಕಿದಂಗ ನಿಂತಿದ್ಲು.

ಡಾಕ್ಟ್ರು ನೀಲಿ ಸೀಸಕಡ್ಡಿ ಒದ್ದಿ ಮಾಡಿ, ಮುಂಗೈ ಮ್ಯಾಲ ಕೆಂಪು ಎಲ್ಲಿತನಕ ಏರಿತ್ತೋ ಅಲ್ಲಿ ಅಡ್ಡಗೆರಿ ಎಳೆದ್ರು. ಆಮ್ಯಾಲ ನರ್ಸಮ್ಮ ಕುಂದ್ರಿಸಿಕೊಂಡು ಹೇಳಿದ್ಲು. ಆಕಿ ಮಾತಿನಾಗ ಅರ್ಧ ತೆಲುಗು. "ಚೂಡಮ್ಮಾ, ಈ ಗೆರಿ ನಿನ್ನ ಹೊಸ್ತಿಲ. ಕೆಂಪು ಇದನ್ನ ದಾಟಿದ್ರ, ಚಳಿ ಬಂದು ನಡುಗಿದ್ರ, ಬೆರಳು ನೀಲಿ ಆದ್ರ, ಮುಂಜಾನಿ ಅಂತ ಕಾಯಬ್ಯಾಡ, ಯಾವ ಹೊತ್ತಿದ್ರೂ ಬಾ. ಕೈ ಮ್ಯಾಲ ಎತ್ತಿ ಇಟ್ಟಿರು. ರಾತ್ರಿ ಗಂಜಿ ಕುಡಿ, ಅದಾದ ಮ್ಯಾಲ ಏನೂ ಇಲ್ಲ, ನೀರೂ ಇಲ್ಲ. ಯಾರೂ ಕೈ ಒತ್ತಬಾರದು, ಕಾಸಬಾರದು, ಚುಚ್ಚಬಾರದು. ಬಳ್ಳಾರಿ ಬಿಟ್ಟು ಹೋಗಬ್ಯಾಡ." ಗುಳಿಗಿ ಕೊಟ್ಲು. ಕೊನಿಗೆ ನನ್ನ ಬಳಿ ನೋಡಿ ಇಕ್ಕಳ ತಗೊಂಡ್ಲು. "ಬಾವು ಇನ್ನೂ ಏರ್ತದ. ಇವು ಈಗ ಹೋಗಬೇಕು."

ನಮ್ಮ ಅತ್ತಿ ನನ್ನ ಕೈನ ಕಸಗೊಂಡು ಸೆರಗಿನಾಗ ಮುಚ್ಚಿದ್ಲು. "ಕಬ್ಬಿಣ ಹಚ್ಚಬ್ಯಾಡ್ರಿ ತಾಯಿ! ಆಕಿ ಗಂಡ ಲಡಾಯ್ಯಾಗ ಅದಾನ. ಮನ್ಯಾಗ ಎಣ್ಣಿ ಹಚ್ಚಿ ತೆಗಿತೀವಿ."

"ಸಾಯಂಕಾಲದೊಳಗ ತೆಗೀರಿ" ಅಂದ್ಲು ನರ್ಸಮ್ಮ. ಹಿಂದ ಸಾಲು ಕಾಯ್ತಿತ್ತು.

ಹೊರಗ ಬಂದ ಮ್ಯಾಲ ನಮ್ಮ ಅತ್ತಿ ಹೊಸ ರಾಗ ತೆಗೆದ್ಲು. "ಕುರುಗೋಡಿಗೆ ಹೋಗಿ ಬಸವಣ್ಣನ ಗುಡ್ಯಾಗ ಕಾಯಿ ಒಡಸಿ, ನಾಳಿ ಮೊದಲನೇ ಬಸ್ಸಿಗೆ ಬರೋಣು."

"ಅತ್ತಿ, ಆ ಬಸ್ಸು ನಾಳಿ ಏಳ್ತೈತಿ ಅಂತ ಬಸವಣ್ಣಗೂ ಗೊತ್ತಿಲ್ಲ. ನಾನು ಬಳ್ಳಾರಿ ಬಿಟ್ಟು ಕದಲಂಗಿಲ್ಲ" ಅಂದೆ. ಅಲ್ಲಿತನಕ ಆಕಿಗೆ ಎದುರು ಮಾತಾಡಿದ್ದಿಲ್ಲ ಅಂತ ಹೇಳಂಗಿಲ್ಲ, ಆಡಿದ್ದೆ. ಆದ್ರ ಬೀದ್ಯಾಗ ನಿಂತು ಆಡಿದ್ದಿಲ್ಲ. ಆಕಿ ಸುಮ್ಮನ ನನ್ನ ಹಿಂದ ಬಂದ್ಲು.

ನಮ್ಮ ಅಕ್ಕ ಗಂಗಮ್ಮನ್ನ ಬಳ್ಳಾರ್ಯಾಗನ ಸತ್ಯನಾರಾಯಣಪ್ಯಾಟಿಗೆ ಕೊಟ್ಟಿದ್ರು. ಆಕಿ ಗಂಡ ಹತ್ತಿ ಬೀಜ ಬಿಡಿಸೋ ಜಿನ್ನಿನಾಗ ಕೆಲಸ ಮಾಡ್ತಿದ್ದ. ನನ್ನ ಕೈ ನೋಡಿ ಅಕ್ಕ ಹೋ ಅಂತ ಅಳಾಕ ಶುರು ಮಾಡಿದ್ಲು. "ಅಕ್ಕ, ಅಳೋದು ನಾಳಿಗೆ ಇಟ್ಟುಕೋ. ಈಗ ನನ್ನ ಕೈ ಎಲ್ಲರ ತೂಗುಹಾಕು" ಅಂದೆ. ಅವರ ಪಡಸಾಲಿ ಜಂತ್ಯಾಗ ತೊಟ್ಟಿಲ ಕಟ್ಟೋ ಕೊಂಡಿ ಇತ್ತು. ಹಳೇ ಸೀರಿ ಇಳಿಬಿಟ್ಟು ಅದರಾಗ ನನ್ನ ಕೈ ಮಲಗಿಸಿದ್ರು. ಅಕ್ಕನ ಮಕ್ಕಳೆಲ್ಲ ಮಲಗಿದ ಜಾಗದಾಗ ನನ್ನ ಕೈ ಕೂಸಿನಂಗ ತೂಗಾಡಿತು. ಅಕ್ಕನ ಗಂಡ ಹೆಚ್ಚು ಮಾತಾಡೋ ಮನಷಾ ಅಲ್ಲ. ನರ್ಸಮ್ಮ ಹೇಳಿದ್ದನ್ನ ಕೇಳಿಕೊಂಡು ಹೊರಗ ಹೋಗಿ, ಹಿಂದಿನ ಓಣಿ ಜಟಕಾದವನಿಗೆ ಹೇಳಿ ಬಂದ. "ಕುದುರಿ ಇವತ್ತು ದೂರ ಹೋಗಂಗಿಲ್ಲ. ಯಾವಾಗ ಕೂಗಿದ್ರೂ ಬರ್ತಾನ" ಅಂದ. ಅಷ್ಟ ಅಂದದ್ದು. ನಂಗ ಅರ್ಧ ಭಯ ಅಲ್ಲೇ ಇಳೀತು.

ಕಾಯೋರಿಗೆ ನಾನು ಹೇಳೋದು ಇದನ್ನ. ಧೈರ್ಯ ತಂದುಕೋ ಅಂತ ಮಂದಿ ಹೇಳ್ತಾರ, ಅದನ್ನ ಎಲ್ಲಿಂದ ತರೋದು? ಮೊದಲು ಜಟಕಾ ಗೊತ್ತು ಮಾಡಿ ಇಟ್ಟುಕೊಳ್ರಿ. ಆಮ್ಯಾಲ ಧೈರ್ಯ ತಾನ ಬಂದು ಕುಂದರ್ತೈತಿ.

ಮಧ್ಯಾಹ್ನ ಬಳಿ ತೆಗೆಯೋ ಕೆಲಸ ಹಿಡಿದ್ವಿ. ಸಬಕಾರ ಹಚ್ಚಿದ್ರು, ಹರಳೆಣ್ಣಿ ಸುರುವಿದ್ರು. ಎಳೆದ್ರ ಬಾವಿನ ಮ್ಯಾಲ ಬಂದು ಸಿಕ್ಕಿಕೊಳ್ಳೋವು. ನನ್ನ ಜೀವ ಬಾಯಿಗೆ ಬಂತು. ಒಂದೂ ಅಲ್ಲಾಡ್ಲಿಲ್ಲ. ಬಿಗಿ ಇಡು ಬಿಗಿ ಇಡು ಅಂತ ಇಡಿಸಿದ ಬಳಿ ಅಲ್ಲೇನು, ಬಿಗೀನ ಇದ್ವು. ಪಕ್ಕದ ಮನಿ ರಾಮಕ್ಕ ಉಮ್ಮತ್ತಿ ಎಲಿ ಕಾಸಿಕೊಂಡು ಬಂದು, "ಶಾಖ ಕೊಟ್ರ ಇಲ್ಲೇ ಒಡೆದು ಹೋಗ್ತದಮ್ಮಾ, ಆಸ್ಪತ್ರಿ ಎಂದುಕು, ಯಾಕ ಬೇಕು?" ಅಂದ್ಲು. ಪಾಪ, ಒಳ್ಳೇ ಮನಸ್ಸಿನಾಕಿ. "ರಾಮಕ್ಕ, ಆ ಎಲಿ ನನ್ನ ಹತ್ರ ತಂದ್ರ ಈ ಕೈ ಬಿಟ್ಟು ಇನ್ನೊಂದು ಕೈ ಐತಿ ನಂಗ" ಅಂದೆ. ನಕ್ಕೋಂತ ಹೋದ್ಲು. ನಾನು ನಗಾಕ ಹೋಗಿ ಅತ್ತೆ.

ಹೊತ್ತು ಇಳಿಯೋ ಹೊತ್ತಿಗೆ ಬಳಿ ಚರ್ಮದಾಗ ಮುಣುಗಿದ್ವು. ಬಳಿಯಿಂದ ಆಚಿಗೆ ಬೆರಳು ತಣ್ಣಗ, ಬದನಿಕಾಯಿ ಬಣ್ಣ. ಕೆಂಪು ಇನ್ನೂ ನೀಲಿ ಗೆರಿ ಹತ್ರನ ಇತ್ತು, ದಾಟಿದ್ದಿಲ್ಲ. ಬೆರಳ ತುದಿ ಮುಟ್ಟಿದ್ರ ಬ್ಯಾರೆಯವರ ಬೆರಳು ಮುಟ್ಟಿದಂಗ ಆತು. ಆವಾಗ ನಂಗ ಖರೇನ ಭಯ ಆತು. ಸಾಯೋ ಭಯ ಅಲ್ಲ. ಮಷೀನಿನ ಗಾಲಿ ತಿರುವಾಕ, ಅರಿವಿ ಹಿಡಿಯಾಕ, ರೊಟ್ಟಿ ಬಡಿಯಾಕ ಕೈ ಇಲ್ಲದ ಹೆಂಗಸಾಗಿ ಉಳಿಯೋ ಭಯ. ನಮ್ಮವರು ಬಂದು, ಯಾಕಲೇ ನೀಲಿ ನಿನ್ನ ಕೈ ಏನಾತು ಅಂತ ಕೇಳೋ ಭಯ.

"ಅಕ್ಕ, ದವಾಖಾನಿಗೆ ಹೋದ್ರೂ ಮೊದಲು ಬಳೀನ ತೆಗೀತಾರ, ಅಲ್ಲಿತನಕ ಬೆರಳು ತಡಿಯಂಗಿಲ್ಲ. ಒಂದು ಕಲ್ಲು ತಗೊಂಡು ಇವನ್ನ ತೆಗಿ" ಅಂದೆ.

"ಯವ್ವ, ನನ್ನ ಕೈಲಾಗಂಗಿಲ್ಲ! ಗಂಡ ಲಡಾಯ್ಯಾಗ ಇರೋವಾಗ ನಿನ್ನ ಕೈಯಾಗಿನ ಬಳಿ ನಾನು ಹೆಚ್ಚಿಸಲೇನು? ನಾಳಿ ಏನಾರ ಆದ್ರ ನನ್ನ ಮುಖ ಎಲ್ಲಿ ಇಟ್ಟುಕೊಳ್ಲಿ?" ಅಂತ ಅಕ್ಕ ಒಳಗ ಹೋಗಿ ಕುಂತುಬಿಟ್ಲು.

ನಮ್ಮ ಅತ್ತಿ ಮೂಲ್ಯಾಗ ಕುಂತಿದ್ಲು. ಕಟಕ್, ಕಟಕ್. ಅಡಕಿ ತಿನ್ನಾಕತ್ತಿದ್ದಿಲ್ಲ, ಸುಮ್ಮನ ಕತ್ತರಿಸಿ ಕತ್ತರಿಸಿ ನೆಲದ ಮ್ಯಾಲ ಇಡಾಕತ್ತಿದ್ಲು. ಒಂದು ಗುಂಪಿ ಆಗಿತ್ತು.

"ಅತ್ತಿ, ನಿಮ್ಮ ಮಗ ಬರ್ತಾರ. ಬಂದವರಿಗೆ ರೊಟ್ಟಿ ಬಡಿಯೋ ಕೈ ಬ್ಯಾಡೇನ್ರಿ?"

ಕಟಕ್.

"ಬಳಿ ಉಳಿಸಿ ಕೈ ಕಳಕೊಂಡ್ರ, ಆ ಬಳಿ ಎಲ್ಲಿ ಹಾಕ್ಕೊಳ್ಲಿ? ಕೊಳ್ಳಾಗೇನು?"

"ಬಾಯಿ ಮುಚ್ಚಲೇ!" ಅಂದ್ಲು. "ಅವು ಬಳಿ ಅಲ್ಲ. ನನ್ನ ಮಗ ಅವು. ಒಂದು ಕಾಗದ ಇಲ್ಲ, ಒಂದು ಮಾತಿಲ್ಲ. ದಿನಾ ಮುಂಜಾನಿ ನಿನ್ನ ಕೈ ನೋಡಿ, ಅವು ಅದಾವ, ಅಂದಮ್ಯಾಲ ಅವನೂ ಅದಾನ ಅಂತ ಎದ್ದು ಒಲಿ ಹಚ್ತೀನಿ. ನಿಂಗೇನು ಗೊತ್ತು?"

ಗೊತ್ತಿದ್ದಿಲ್ಲ. ಆಕಿ ದಿನಾ ನನ್ನ ಕೈ ನೋಡ್ತಾಳಂತ ಗೊತ್ತಿತ್ತು, ಯಾಕ ಅಂತ ಗೊತ್ತಿದ್ದಿಲ್ಲ. ಆದ್ರ ಬೆರಳು ತಣ್ಣಗ ಇದ್ವು, ಕನಿಕರ ಪಟ್ಟುಕೋಂತ ಕುಂದ್ರಾಕ ಹೊತ್ತಿದ್ದಿಲ್ಲ. ಸೀರಿ ತೊಟ್ಟಿಲದಾಗಿಂದ ಕೈ ತೆಗೆದೆ. ಎದ್ದೆ. ಅಡಿಗಿ ಮನಿ ಒಳಕಲ್ಲಿನ ಮುಂದ ಹೋಗಿ ಕುಂತು, ಹಲ್ಲು ಕಚ್ಚಿ ಕೈ ಎತ್ತಿದೆ.

"ಕಲ್ಲಿಗೆ ಬ್ಯಾಡ!"

ಆಕಿ ಹೆಂಗ ಎದ್ಲೋ ಹೆಂಗ ಓಡಿ ಬಂದ್ಲೋ, ನನ್ನ ಮೊಣಕೈ ಹಿಡಕೊಂಡಿದ್ಲು. "ಕಲ್ಲಿಗೆ ಬ್ಯಾಡ ಮಗಳ. ನಿಮ್ಮ ಮಾವ ಹೋದಾಗ ನನ್ನವನ್ನ ಕಲ್ಲಿಗೆ ಬಡಿದು ತೆಗೆದ್ರು. ನಾಕು ಮಂದಿ ಹಿಡಕೊಂಡಿದ್ರು. ನನ್ನ ಒಂದು ಮಾತು ಯಾರೂ ಕೇಳ್ಲಿಲ್ಲ."

ಮಗಳ ಅಂತ ಆಕಿ ನನ್ನ ಅದಕ್ಕಿಂತ ಮುಂಚೆ ಒಂದು ದಿನಾನೂ ಕರೆದಿದ್ದಿಲ್ಲ.

ಆಮ್ಯಾಲ ಆಕಿ ಅತ್ತುಕೋಂತ ಕುಂದ್ರಲಿಲ್ಲ. ಅಂಥಾಕಿ ಅಲ್ಲ ಅಂತ ಮೊದಲ ಹೇಳೀನಿ. ನನ್ನ ಕರಕೊಂಡು ಬಂದು ಪಡಸಾಲ್ಯಾಗ ಕುಂದ್ರಿಸಿದ್ಲು. "ಗಂಗವ್ವ, ಕುಂಕುಮದ ಭರಣಿ ತಾ" ಅಂದ್ಲು. ಅಕ್ಕನ ಕೈಲೆ ನನ್ನ ಹಣಿಗೆ ರೂಪಾಯಿ ಅಗಲ ಕುಂಕುಮ ಹಚ್ಚಿಸಿದ್ಲು. ನನ್ನ ಎಡಗೈ ಹಿಡಿದು ಅದರಾಗಿನ ಬಳಿ ಒಂದ್ಸಲ ಗಲಗಲ ಅನಿಸಿದ್ಲು. "ಇವು ಅದಾವ. ಇವು ಸಾಕು" ಅಂತ ತನಗ ತಾನ ಹೇಳಿಕೊಂಡ್ಲು. ಒದ್ದಿ ಬಟ್ಟಿ ಸಣ್ಣಗ ಮಡಚಿ ಬಲಗೈ ಬಳಿ ಕೆಳಗ ತೂರಿಸಿದ್ಲು. ಸಂಚ್ಯಾಗಿನ ಅಡಕೊತ್ತು ತೆಗೆದ್ಲು.

"ಅತ್ತಿ, ನೀವ?" ಅಂದೆ. ಗಂಡ ಇಲ್ಲದಾಕಿ ಮುತ್ತೈದಿ ಬಳಿಗೆ ಕೈ ಹಚ್ಚೋದಂದ್ರ ಏನು ಅಂತ ನಿಮಗ ಬಿಡಿಸಿ ಹೇಳಬೇಕಾಗಿಲ್ಲ. ಅದೂ ತನ್ನ ಮಗನ ಹೆಂಡ್ತಿದು.

"ಬ್ಯಾರೆ ಯಾರಿಗೂ ಈ ಪಾಪ ಬ್ಯಾಡ. ಬಂದ್ರ ನನ್ನ ಮ್ಯಾಲ ಬರ್ಲಿ. ನೀನು ಆ ಕಡೆ ಮುಖ ಮಾಡು."

ನಾನು ಮುಖ ತಿರುವಲಿಲ್ಲ. ನೋಡಿದೆ. ಅಡಕಿ ಕತ್ತರಿಸೋ ಕೈ ಅದು, ಎಷ್ಟು ಒತ್ತಬೇಕು ಎಷ್ಟಕ್ಕ ಬಿಡಬೇಕು ಅಂತ ಆಕಿಗೆ ಹೇಳಿಕೊಡಬೇಕಾಗಿದ್ದಿಲ್ಲ. ಕಟಕ್. ಒಂದು ಹೋತು. "ನೂರು ವರ್ಷ ಬಾಳಪ್ಪ" ಅಂದ್ಲು. ಕಟಕ್. "ನೂರು ವರ್ಷ ಬಾಳಪ್ಪ." ಒಂದೊಂದಕ್ಕೂ ಅದ ಮಾತು, ಆಕಿ ಕಣ್ಣೀರು ನನ್ನ ಮುಂಗೈಮ್ಯಾಲ ಬಿದ್ದು ನೀಲಿ ಗೆರಿ ಒಂದು ಕಡೆ ಕರಗಿತು. ನನ್ನ ಚರ್ಮಕ್ಕ ಒಂದು ಗೀರು ಬೀಳ್ಲಿಲ್ಲ. ಚೂರೆಲ್ಲ ಸೆರಗಿನಾಗ ಆಯ್ದು ಗಂಟು ಹಾಕ್ಕೊಂಡ್ಲು, ಒಂದನ್ನೂ ನೆಲಕ್ಕ ಬೀಳಗೊಡಲಿಲ್ಲ.

ಬೆರಳಿಗೆ ರಕ್ತ ಇಳಿದು ಬಂದಾಗ ಆದ ನೋವು ದೇವರೇ ಬಲ್ಲ. ಆದ್ರ ಅದು ನನ್ನ ಬೆರಳಿನ ನೋವು. ನನ್ನವ ನೋಯಾಕತ್ತ್ಯಾವ ಅಂತ ಖುಷೀಲೆ ಚೀರಿದೆ. ಅಕ್ಕ ಕಂದೀಲು ಹಿಡಿದು ನೋಡಿದ್ಲು. ಬದನಿಕಾಯಿ ಬಣ್ಣ ಹೋಗಿ ಕೆಂಪು ಬಂದಿತ್ತು. ಗಂಜಿ ಕುಡಿದೆ, ಗುಳಿಗಿ ನುಂಗಿದೆ, ಕೈನ ಮತ್ತ ತೊಟ್ಟಿಲಕ್ಕ ಹಾಕಿ ಗೋಡಿಗೆ ಒರಗಿದೆ. ಆ ರಾತ್ರಿ ಬಗ್ಗೆ ಹೇಳೋದು ಹೆಚ್ಚೇನಿಲ್ಲ. ನಾನು ಕಣ್ಣು ತೆಗೆದಾಗೆಲ್ಲ ನಮ್ಮ ಅತ್ತಿ ಕಂದೀಲಿನ ಮುಂದ ಕುಂತು ನನ್ನ ಮುಂಗೈ ನೋಡಾಕತ್ತಿದ್ಲು. ಕೆಂಪು ಆ ನೀಲಿ ಗೆರಿ ಹತ್ರ ನಿಂತಿತ್ತು, ದಾಟ್ಲಿಲ್ಲ.

ಬೆಳಕು ಹರದಾಗ ಜಟಕಾ ಬಾಗಲಿಗೆ ಬಂತು. ಹೊಸ್ತಿಲದಾಗ ಅಕ್ಕ ಬಿಸಿ ಹಾಲಿನ ಬಟ್ಟಲ ಹಿಡಕೊಂಡು ನಿಂತಿದ್ಲು. "ಒಂದ ಗುಟುಕು ಕುಡಿ ನೀಲಿ. ಕತ್ತಿ ಬೀಳೋ ಮೈಗೆ ಹಸಿವು ಬ್ಯಾಡ. ಖಾಲಿ ಹೊಟ್ಟೀಲೆ ಯಾರರ ಹೊಸ್ತಿಲ ದಾಟ್ತಾರೇನು?"

ನಾನು ಹಲ್ಲು ಬಿಗಿ ಹಿಡಿದು ತಲಿ ಅಲ್ಲಾಡಿಸಿದೆ. ಬಾಯಿ ಒಣಗಿ ಹೋಗಿತ್ತು, ಆ ಹಾಲಿನ ವಾಸನಿ ನನ್ನ ಕೊಲ್ಲಾಕತ್ತಿತ್ತು, ಸುಳ್ಳು ಯಾಕ ಹೇಳ್ಲಿ. ಅಷ್ಟರಾಗ ನಮ್ಮ ಅತ್ತಿ ಬಂದು ಬಟ್ಟಲ ಕಸಗೊಂಡು ಗಟಗಟ ತಾನ ಕುಡಿದುಬಿಟ್ಲು. "ಆತು ಹೊಸ್ತಿಲದ ಶಾಸ್ತ್ರ. ನಡಿ" ಅಂದ್ಲು. ಅಷ್ಟು ನೋವಿನಾಗೂ ನಾನು ನಕ್ಕೆ.

ದವಾಖಾನ್ಯಾಗ ಮೊದಲು ನನ್ನ ಹೆಸರು ಕರೆದ್ರು. ನರ್ಸಮ್ಮ ನನ್ನ ಖಾಲಿ ಬಲಗೈ ನೋಡಿದ್ಲು, ನಮ್ಮ ಅತ್ತಿ ಮುಖ ನೋಡಿದ್ಲು. "ಏನಾರ ತಿಂದೀಯೇನು?" ಅಂತ ಡಾಕ್ಟ್ರು ಕೇಳಿದ್ರು. "ಆಕಿ ತಿಂದಿಲ್ರಿ, ನಾನು ಕುಡಿದೀನಿ" ಅಂದ್ಲು ಅತ್ತಿ. ಮೂಗಿಗೆ ಬಟ್ಟಿ ಹಿಡಿದ್ರು. ಸಿಹಿ ವಾಸನಿ ಬಂತು, ತಲಿ ಮ್ಯಾಲ ಗಂಟಿ ಬಾರಿಸಿದಂಗಾತು, ಅಲ್ಲಿಗೆ ಮುಗೀತು. ಎಚ್ಚರಾದಾಗ ಮೊದಲು ಕೇಳಿದ್ದು, "ಬೆರಳು ಎಷ್ಟದಾವ?"

"ದೇವರು ಕೊಟ್ಟಷ್ಟ ಅದಾವ ಬಿಡು" ಅಂದ್ಲು ಅತ್ತಿ. ಅರ್ಧ ಮುಳ್ಳು ಒಂದು ಬಟ್ಟಲದಾಗ ಇಟ್ಟು ತೋರಿಸಿದ್ರು. ಅಷ್ಟು ಸಣ್ಣದು, ನೋಡಿ ಸಿಟ್ಟ ಬಂತು.

ಕೈ ಮಾಯಾಕ ಬಾಳ ದಿನ ಹಿಡೀತು. ನಡುಬೆರಳು ಇವತ್ತಿಗೂ ಪೂರಾ ಮಡಚಂಗಿಲ್ಲ. ಮೊದಲು ಮಷೀನಿನ ಗಾಲಿ ತಿರುವಿದಾಗ ಅತ್ತುಬಿಟ್ಟೆ, ಎರಡನೇ ಸಲ ಬೈದೆ, ಆಮ್ಯಾಲ ಹೊಲಿದೆ. ಬಳಿಗಾರ ಬಂದಾಗ ನಮ್ಮ ಅತ್ತಿ ಎದುರಿಗೆ ಕುಂತು, "ಸಡಿಲ ಇಡಪ್ಪ. ಕೈಗೆ ಉಸಿರಾಡಾಕ ಜಾಗ ಇರ್ಲಿ" ಅಂದ್ಲು. ಅವನು ನನ್ನ ಮುಖ ನೋಡಿದ. ನಾನು ಅತ್ಲಾಗ ನೋಡಿದೆ.

ಒಂದು ಮಾತ್ರ ಬ್ಯಾರೆ ಆಗಿತ್ತು. ಮನ್ಯಾಗ ಕಟಕ್ ಅನ್ನೋ ಸಪ್ಪಳ ಇದ್ದಿಲ್ಲ. ಎಲಿ ಅಡಕಿ ಯಾಕ ಬಿಟ್ರಿ ಅತ್ತಿ ಅಂತ ಕೇಳಿದ್ರ, "ಹಲ್ಲು ನೋಯ್ತಾವ" ಅಂದ್ಲು. ವಯಸ್ಸಾತು, ಇದ್ದೀತು ಅಂದುಕೊಂಡೆ. ಸಿಟ್ಟು ಬಂದಾಗ ಸೊಂಟಕ್ಕ ಕೈ ಹೋಗೋದು, ಸಂಚಿ ಇರ್ತಿದ್ದಿಲ್ಲ, ಸೆರಗು ತಿರುವಿ ಸುಮ್ಮನಾಗೋಳು. ಮಗನ ಸುದ್ದಿ ಮಾತ್ರ ಒಂದು ದಿನಾನೂ ತೆಗೀತಿದ್ದಿಲ್ಲ. ನನ್ನ ಕೈ ಕಡಿಗೂ ನೋಡ್ತಿದ್ದಿಲ್ಲ.

ಲಡಾಯಿ ಮುಗೀತು ಅಂದ್ರು. ಮಂದಿ ಒಬ್ಬೊಬ್ಬರ ಊರಿಗೆ ಬಂದ್ರು. ನಮ್ಮವರು ಬರ್ಲಿಲ್ಲ. ಮಳಿಗಾಲ ಹೋತು, ಚಳಿ ಬಂತು. ಒಂದು ಸಂಜಿ ನಾನು ಯಾರದೋ ಕುಬಸಕ್ಕ ಗುಂಡಿ ಹಚ್ಚಾಕತ್ತಿದ್ದೆ. ಬಾಗಲದಾಗ ನೆರಳು ಬಿತ್ತು. ಟ್ರಂಕು ಹೊತ್ತುಕೊಂಡು, ಎಲುಬಿನ ಹಂದರ ಆಗಿ, ಕಾಕಿ ಅಂಗಿ ಹಾಕ್ಕೊಂಡು ನಮ್ಮವರು ನಿಂತಿದ್ರು. ಅವರ ಅಂಗಿ ಹೊಲಿಗಿ ಬಿಚ್ಚಿತ್ತು. ನಂಗ ಮೊದಲು ಅದ ಕಾಣಿಸಿತು, ನೋಡ್ರಿ, ಎಂಥ ಹುಚ್ಚಿ.

ನಮ್ಮ ಅತ್ತಿ ಒಳಗಿಂದ ಬಂದ್ಲು. ನೋಡಿದ್ಲು. ಓಡಿ ಹೋಗಿ ಅಪ್ಪಿಕೊಳ್ಲಿಲ್ಲ, ಅಳ್ಲಿಲ್ಲ. ಹತ್ರ ಹೋಗಿ ಮಗನ ಕೆನ್ನಿ, ಭುಜ, ಎರಡೂ ಕೈ ಹಿಡಿದು ನೋಡಿದ್ಲು. ಆಮ್ಯಾಲ ಅಲ್ಲೇ ಹೊಸ್ತಿಲದ ಹತ್ರ ಕುಂತುಬಿಟ್ಲು.

"ನೀಲಿ" ಅಂದ್ಲು. "ದೇವರ ಗೂಡಿನ ಹಿಂದ ಒಂದು ಗಂಟು ಐತಿ. ತಗೊಂಡು ಬಾ."

ತಂದೆ. ಬಿಚ್ಚಿದೆ. ಒಳಗ ಹಸಿರು ಗಾಜಿನ ಚೂರು, ಅವುಗಳ ನಡುವ ಅಡಕೊತ್ತು. ತುಕ್ಕು ಹಿಡಿದಿತ್ತು.

ಆಕಿ ಹಲ್ಲಿಗೆ ಏನೂ ಆಗಿದ್ದಿಲ್ಲ. ಇಷ್ಟು ದಿನ ದಿನಾ ಮುಂಜಾನಿ ಆಕಿ ಆ ಕಟಕ್ ಮಗನ ಜೀವಕ್ಕ ಬಿತ್ತೇನೋ ಅನ್ನೋ ಭಯ ನುಂಗಿಕೋಂತ ಎದ್ದಾಳ ಅಂತ ನಂಗ ಆವಾಗ ತಿಳೀತು.

ಅಡಕೊತ್ತನ್ನ ಸೆರಗಿಲೆ ತಿಕ್ಕಿ ತಿಕ್ಕಿ ಒರಸಿದ್ಲು. "ಅಡಕಿ ಐತೇನು ಮನ್ಯಾಗ?" ಅಂದ್ಲು. ಒಂದು ಹುಡುಕಿ ತಂದು ಕೊಟ್ಟೆ. ಟ್ರಂಕು ಇನ್ನೂ ನಮ್ಮವರ ಹೆಗಲ ಮ್ಯಾಲ ಇತ್ತು. "ಅವ್ವ, ಲಡಾಯಿಲಿಂದ ಬಂದೀನಿ, ನಿಂಗ ಅಡಕಿ ಚಿಂತೆಯೇನು?" ಅಂದ್ರು.

"ನೀನು ಸುಮ್ಮನ ಬಂದು ಕುಂದ್ರಪ್ಪ" ಅಂದ್ಲು ಅತ್ತಿ, ಮತ್ತ ಬಾಗಿ, ಎರಡೂ ಕೈಲೆ ಒತ್ತಿದ್ಲು. ಕಟಕ್.